ಎಲ್‌ಸಿಡಿಯಲ್ಲಿ ಕಪ್ಪು ಹುಡುಕಿದ ಅನುಭವ

ಎಲ್‌ಸಿಡಿ ಮೇಲೆ ಕೆಲಸ ಮಾಡ್ತೀನಿ ಅಂದರೆ ಎಲ್ಲರೂ ಕೇಳುವುದು ಬೆಳಕಿನ ಬಗ್ಗೆ. ಎಷ್ಟು ಬ್ರೈಟ್, ಬಣ್ಣ ಎಷ್ಟು ಚೆನ್ನಾಗಿ ಬರುತ್ತದೆ ಅಂತ. ನಾನು ಲ್ಯಾಬಿನಲ್ಲಿ ಜಾಸ್ತಿ ಗುದ್ದಾಡಿದ್ದು ಮಾತ್ರ ಕಪ್ಪಿನ ಜೊತೆ.

ಕಾರಣ ಸರಳ. ಲಿಕ್ವಿಡ್ ಕ್ರಿಸ್ಟಲ್‌ಗೆ ಸ್ವಂತ ಬೆಳಕಿಲ್ಲ. ಹಿಂದೆ ಬ್ಯಾಕ್‌ಲೈಟ್ ಉರಿಯುತ್ತಲೇ ಇರುತ್ತದೆ, ಮುಂದೆ ಎರಡು ಪೋಲರೈಸರ್‌ಗಳು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆಗಳು, ಒಂದಕ್ಕೊಂದು ಅಡ್ಡ ನಿಂತಿರುತ್ತವೆ. ನಡುವಿನ ಲಿಕ್ವಿಡ್ ಕ್ರಿಸ್ಟಲ್ ಪದರ ಬೆಳಕಿನ ಪೋಲರೈಸೇಷನ್ (ಆ ಕಂಪನದ ದಿಕ್ಕು) ತಿರುಗಿಸಿದರೆ ಬಿಳಿ, ತಿರುಗಿಸದೆ ಬಿಟ್ಟರೆ ಕಪ್ಪು. ಮೊದಲ ಪೋಲರೈಸರ್‌ನಲ್ಲೇ ಅರ್ಧಕ್ಕಿಂತ ಜಾಸ್ತಿ ಬೆಳಕು ಹೋಗುತ್ತದೆ. ಕಲರ್ ಫಿಲ್ಟರ್ ಮೂರರಲ್ಲಿ ಎರಡು ಪಾಲು ನುಂಗುತ್ತದೆ. ಕೊನೆಗೆ ಕಣ್ಣಿಗೆ ಬರುವುದು ಬ್ಯಾಕ್‌ಲೈಟಿನ ಶೇ 5ರಿಂದ 7ರಷ್ಟು ಅಷ್ಟೇ. ಬೆಳಕು ಸಾಲದಿದ್ದರೆ ಇನ್ನಷ್ಟು ಎಲ್‌ಇಡಿ ಹಾಕಬಹುದು. ಆದರೆ ಆಗ ಬಿಳಿ ಎರಡರಷ್ಟಾದರೆ ಸೋರಿಕೆಯೂ ಎರಡರಷ್ಟಾಗುತ್ತದೆ, ಕಾಂಟ್ರಾಸ್ಟ್, ಅಂದರೆ ಬಿಳಿ ಕಪ್ಪಿನ ಎಷ್ಟು ಪಟ್ಟು ಅನ್ನುವ ಅಂಕಿ, ಇದ್ದಲ್ಲೇ ಇರುತ್ತದೆ. ಸೋರುವ ಕೊಡಕ್ಕೆ ಇನ್ನಷ್ಟು ನೀರು ಸುರಿದ ಹಾಗೆ. ಹಾಗಾಗಿ ನನ್ನ ಪ್ರಶ್ನೆ ಇದ್ದದ್ದು ಒಂದೇ: ಕಪ್ಪಿನಲ್ಲಿ ಸೋರುವ ಬೆಳಕು ಎಲ್ಲೆಲ್ಲಿಂದ ಬರುತ್ತದೆ?

ನಾನು ಆರಿಸಿಕೊಂಡದ್ದು ಐಪಿಎಸ್ (ಇನ್-ಪ್ಲೇನ್ ಸ್ವಿಚಿಂಗ್) ಮಾದರಿಯ ಸೆಲ್, ಅಂದರೆ ಎರಡು ಗಾಜಿನ ನಡುವೆ ಲಿಕ್ವಿಡ್ ಕ್ರಿಸ್ಟಲ್ ತುಂಬಿದ ಸಣ್ಣ ಮಾದರಿ. ಇದರಲ್ಲಿ ಅಣುಗಳು ಗಾಜಿಗೆ ಸಮಾಂತರವಾಗಿ ಮಲಗಿರುತ್ತವೆ. ವೋಲ್ಟೇಜ್ ಕೊಟ್ಟಾಗ ಎದ್ದು ನಿಲ್ಲುವುದಿಲ್ಲ, ಮಲಗಿದಲ್ಲೇ ತಿರುಗುತ್ತವೆ. ಅಣುಗಳ ದಿಕ್ಕು ಒಂದು ಪೋಲರೈಸರ್‌ಗೆ ನೇರ ಇದ್ದಾಗ ಕಪ್ಪು, 45 ಡಿಗ್ರಿ ತಿರುಗಿದಾಗ ಬಿಳಿ. ಬಿಳಿ ಪೂರ್ತಿ ಬರಬೇಕಾದರೆ ಪದರದ ದಪ್ಪವನ್ನು ಅದರ ದ್ವಿವಕ್ರೀಭವನದಿಂದ (ಅಣುಗಳ ಉದ್ದಕ್ಕೂ ಅಡ್ಡಕ್ಕೂ ವಕ್ರೀಭವನಾಂಕದಲ್ಲಿರುವ ವ್ಯತ್ಯಾಸ) ಗುಣಿಸಿದರೆ ಅರ್ಧ ತರಂಗಾಂತರ ಸಿಗಬೇಕು. 550 ನ್ಯಾನೋಮೀಟರ್‌ನ ಹಸಿರಿಗೆ ಅದು 275. ಆದರೆ ಗಾಜಿಗೆ ಅಂಟಿಕೊಂಡ ಅಣುಗಳು ಅಷ್ಟಾಗಿ ತಿರುಗುವುದಿಲ್ಲ, ಅದಕ್ಕೇ 310-320ರ ಸುತ್ತ ಇಟ್ಟುಕೊಳ್ಳುತ್ತೇವೆ. ದ್ವಿವಕ್ರೀಭವನ 0.09 ಇರುವ ಲಿಕ್ವಿಡ್ ಕ್ರಿಸ್ಟಲ್ ಮಿಶ್ರಣವಾದರೆ ಗ್ಯಾಪ್, ಅಂದರೆ ಎರಡು ಗಾಜಿನ ನಡುವಿನ ಅಂತರ, 3.5 ಮೈಕ್ರಾನ್.

ಸೆಲ್ ಕಟ್ಟುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಬಾಚಣಿಗೆ ಹಲ್ಲಿನಂಥ ಎಲೆಕ್ಟ್ರೋಡ್ ಇರುವ ಗಾಜು, ಎದುರಿಗೆ ಸಾದಾ ಗಾಜು. ಎರಡನ್ನೂ ತೊಳೆದು, ಪಾಲಿಇಮೈಡ್ ಅನ್ನುವ ಪಾಲಿಮರ್ ಹನಿಸಿ ಗಿರ್ರನೆ ತಿರುಗಿಸಿ ತೆಳ್ಳಗೆ ಹರಡಿ, ಓವನ್ನಿನಲ್ಲಿ ಬೇಯಿಸಿ, ವೆಲ್ವೆಟ್ ಬಟ್ಟೆಯ ರೋಲರ್‌ನಿಂದ ಒಂದೇ ದಿಕ್ಕಿಗೆ ಉಜ್ಜುತ್ತೇವೆ. ಆ ದಿಕ್ಕಿಗೇ ಅಣುಗಳು ಸಾಲುಗಟ್ಟುತ್ತವೆ. ಗಾಜುಗಳ ನಡುವೆ ಅಂತರ ಕಾಯುವ ಸಣ್ಣ ಸ್ಪೇಸರ್ ಚೆಂಡುಗಳನ್ನು ಉದುರಿಸಿ, ಯುವಿ ಅಂಟು ಹಾಕಿ ಮುಚ್ಚಿದರೆ ಖಾಲಿ ಸೆಲ್ ತಯಾರು.

ತುಂಬುವ ಮೊದಲೇ ಗ್ಯಾಪ್ ಅಳೆಯಬೇಕು. ಡಬ್ಬಿಯ ಮೇಲೆ ಬರೆದ ಸ್ಪೇಸರ್ ಅಳತೆಯನ್ನು ನಾನು ಯಾವತ್ತೂ ನಂಬುವುದಿಲ್ಲ. ಖಾಲಿ ಸೆಲ್ಲನ್ನು ಸ್ಪೆಕ್ಟ್ರೋಮೀಟರ್‌ನಲ್ಲಿಟ್ಟರೆ ಎರಡು ಗಾಜಿನ ನಡುವೆ ಬೆಳಕು ಹಿಂದೆ ಮುಂದೆ ಬಡಿದು ಅಲೆ ಅಲೆಯಾದ ಗೆರೆ ಬರುತ್ತದೆ. ಪಕ್ಕಪಕ್ಕದ ಎರಡು ಉಬ್ಬುಗಳ ತರಂಗಾಂತರ ಓದಿ, ಎರಡನ್ನೂ ಗುಣಿಸಿ, ಅವುಗಳ ವ್ಯತ್ಯಾಸದ ಎರಡರಷ್ಟರಿಂದ ಭಾಗಿಸಬೇಕು. ಒಂದು ಉಬ್ಬು 500ರಲ್ಲಿ, ಮುಂದಿನದು 538ರಲ್ಲಿ ಇದ್ದರೆ ಗ್ಯಾಪ್ ಸುಮಾರು 3.5 ಮೈಕ್ರಾನ್. ನಾಲ್ಕು ಮೂಲೆ ಮತ್ತು ನಡುಭಾಗ ಎಲ್ಲ ಅಳೆದು, ಒಂದಕ್ಕೊಂದು ತಾಳೆ ಆಗದಿದ್ದರೆ ಆ ಸೆಲ್ಲನ್ನು ಅಲ್ಲಿಗೇ ಬಿಡುತ್ತಿದ್ದೆ. ತುಂಬಿದ ಮೇಲೆ ಅದರ ಹಿಂದೆ ಬಿದ್ದರೆ ವ್ಯರ್ಥ ದಂಡ.

ತುಂಬುವುದು ಬಿಸಿಯಲ್ಲಿ. ಲಿಕ್ವಿಡ್ ಕ್ರಿಸ್ಟಲ್ಲನ್ನು ಕಾಯಿಸುತ್ತಾ ಹೋದರೆ ಒಂದು ಹಂತದಲ್ಲಿ ಮಂಜು ಹೋಗಿ ತಿಳಿಯಾಗುತ್ತದೆ, ಅಣುಗಳ ಸಾಲು ಚದುರಿ ಸಾಮಾನ್ಯ ದ್ರವವಾಗುತ್ತದೆ. ಲ್ಯಾಬುಗಳಲ್ಲಿ ಎಲ್ಲರೂ ಬಳಸುವ 5ಸಿಬಿ ಅನ್ನುವ ಲಿಕ್ವಿಡ್ ಕ್ರಿಸ್ಟಲ್‌ಗೆ ಇದು 35 ಡಿಗ್ರಿ ಸೆಲ್ಸಿಯಸ್. ಡಿಸ್‌ಪ್ಲೇಗೆ ಮಾಡಿದ ಮಿಶ್ರಣಗಳಿಗೆ ಇನ್ನೂ ಎಷ್ಟೋ ಜಾಸ್ತಿ. ಆ ಬಿಸಿಯಲ್ಲಿ ಸೆಲ್ಲಿನ ಬಾಯಿಗೆ ಒಂದು ಹನಿ ಮುಟ್ಟಿಸಿದರೆ ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ನಿಧಾನಕ್ಕೆ ತಣಿಸಬೇಕು. ತಣ್ಣಗಿರುವಾಗಲೇ ತುಂಬಿದರೆ ಹರಿದ ಜಾಡು ಗೆರೆಯಾಗಿ ಉಳಿದುಬಿಡುತ್ತದೆ.

ಈಗ ಸೋರಿಕೆಯ ಲೆಕ್ಕ. ತುಂಬಿದ ಸೆಲ್ಲನ್ನು ಪೋಲರೈಸರ್‌ಗಳ ನಡುವೆ ಇಟ್ಟು ಒಂದು ಕಾಂಟ್ರಾಸ್ಟ್ ಅಂಕಿ ಬರೆದುಕೊಂಡರೆ ಅದರಿಂದ ಏನೂ ತಿಳಿಯುವುದಿಲ್ಲ. 700 ಬಂತು ಅನ್ನಿ. ಯಾರದು ತಪ್ಪು? ಪೋಲರೈಸರ್‌ನದೋ, ಗಾಜಿನದೋ, ಉಜ್ಜಿದ್ದರದೋ? ಅದಕ್ಕೆ ನಾನು ಮೆಟ್ಟಿಲು ಮೆಟ್ಟಿಲಾಗಿ ಅಳೆಯುತ್ತಿದ್ದೆ. ಮೊದಲು ದೀಪಕ್ಕೆ ಶಟರ್ ಮುಚ್ಚಿ, ಬೆಳಕು ಅಳೆಯುವ ಫೋಟೋಡಯೋಡ್ ಏನು ತೋರಿಸುತ್ತದೆ ಅಂತ ನೋಡುವುದು. ಆಮೇಲೆ ಬರೀ ಪೋಲರೈಸರ್‌ಗಳು. ಆಮೇಲೆ ಖಾಲಿ ಸೆಲ್. ಆಮೇಲೆ ತುಂಬಿದ ಸೆಲ್, ಆದರೆ ಹಾಟ್ ಸ್ಟೇಜ್ (ಬಿಸಿ ಮಾಡುವ ತಟ್ಟೆ) ಮೇಲೆ ಕಾಯಿಸಿ ತಿಳಿಯಾದ ಸ್ಥಿತಿಯಲ್ಲಿ. ಕೊನೆಗೆ ಅದೇ ಸೆಲ್ ತಣಿದ ಮೇಲೆ.

ಈ ಕಾಯಿಸಿ ಅಳೆಯುವ ಮೆಟ್ಟಿಲೇ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು. ತಿಳಿಯಾದ ಸ್ಥಿತಿಯಲ್ಲಿ ಲಿಕ್ವಿಡ್ ಕ್ರಿಸ್ಟಲ್‌ಗೆ ದಿಕ್ಕೇ ಇಲ್ಲ. ಆಗಲೂ ಬೆಳಕು ಸೋರಿದರೆ ಅದು ಗಾಜಿನೊಳಗಿನ ಒತ್ತಡದ್ದು, ಅಂಟು ಗಾಜನ್ನು ಎಳೆದದ್ದು, ಎಲೆಕ್ಟ್ರೋಡಿನ ಅಂಚಿನದ್ದು, ಇಲ್ಲವೇ ಧೂಳಿನದ್ದು. ತಣಿದ ಮೇಲೆ ಹೆಚ್ಚಾದ ಭಾಗ ಮಾತ್ರ ಅಣುಗಳ ಸಾಲಿನ ಖಾತೆಗೆ. ಸೆಲ್ಲನ್ನು ಕದಲಿಸದೆ, ಬರೀ ಬಿಸಿ ಬದಲಿಸಿ ಎರಡನ್ನೂ ಬೇರೆ ಮಾಡಬಹುದು.

ಅಣುಗಳ ಖಾತೆಯಲ್ಲಿ ಮೊದಲು ಬರುವುದು ಕೋನ. ಕಪ್ಪಿನಲ್ಲಿ ಅಣುಗಳ ದಿಕ್ಕು ಪೋಲರೈಸರ್‌ನಿಂದ ಒಂದು ಡಿಗ್ರಿ ಓರೆಯಾಗಿದೆ ಅಂದುಕೊಳ್ಳಿ. ಅರ್ಧ ತರಂಗದ ಪದರದಲ್ಲಿ ಸೋರಿಕೆ ಆ ಓರೆಯ ಎರಡರಷ್ಟರ ಸೈನ್ ವರ್ಗ. ಎರಡು ಡಿಗ್ರಿಯ ಸೈನ್ ವರ್ಗ 0.0012. ಅಂದರೆ ಬಾಕಿ ಎಲ್ಲ ಪರಿಪೂರ್ಣ ಇದ್ದರೂ ಕಾಂಟ್ರಾಸ್ಟ್ 820 ದಾಟುವುದಿಲ್ಲ. ಓರೆ ಅರ್ಧ ಡಿಗ್ರಿಗೆ ಇಳಿದರೆ ಮಿತಿ 3,300ರ ಹತ್ತಿರ ಏರುತ್ತದೆ. ಬರೀ ಅರ್ಧ ಡಿಗ್ರಿಗೆ ನಾಲ್ಕರಷ್ಟು! ಉಜ್ಜುವ ರೋಲರ್, ಗಾಜಿನ ಅಂಚು, ಪೋಲರೈಸರ್ ಕತ್ತರಿಸಿದ ಗೆರೆ, ಮೂರರಲ್ಲೂ ಸಣ್ಣ ಓರೆ ಇರುತ್ತದೆ, ಅವು ಕೂಡಿಕೊಳ್ಳುತ್ತವೆ. ದುಬಾರಿ ಹೊಸ ಮಿಶ್ರಣ ತರಿಸುವ ಮೊದಲು ಗಾಜು ಹಿಡಿಯುವ ಜಿಗ್ ಸರಿಮಾಡಿ ಅಂತ ನಾನು ಹೇಳುವುದು ಇದಕ್ಕೇ.

ಇಲ್ಲೇ ಕಣ್ಣಿಗೆ ಮಣ್ಣೆರಚುವ ಒಂದು ವಿಷಯವಿದೆ. ಅಣುಗಳು ಒಂದು ಡಿಗ್ರಿ ಓರೆ ಇದ್ದಾಗ ಮುಂದಿನ ಪೋಲರೈಸರನ್ನು ಎರಡು ಡಿಗ್ರಿ ತಿರುಗಿಸಿದರೆ ಕಪ್ಪು ಮತ್ತೆ ಗಾಢವಾಗುತ್ತದೆ. ಲೇಸರ್ ಹಾಕಿ ಅಳೆದರಂತೂ ಅಂಕಿ ಸೊಗಸಾಗಿ ಬರುತ್ತದೆ. ಆದರೆ ಆ ಪದರ ಅರ್ಧ ತರಂಗ ಆಗಿರುವುದು ಒಂದೇ ಬಣ್ಣಕ್ಕೆ. ಬಿಳಿ ಬೆಳಕು ಹಾಕಿದ ಕೂಡಲೇ ಉಳಿದ ಬಣ್ಣಗಳು ಸೋರಿ, ಕಪ್ಪು ನೀಲಿಗೋ ನೇರಳೆಗೋ ತಿರುಗುತ್ತದೆ. ಹಾಗಾಗಿ ಕಪ್ಪಿನ ಅಳತೆ ಪೂರ್ತಿ ಸ್ಪೆಕ್ಟ್ರಮ್ ಮೇಲೆ ಆಗಬೇಕು, ಒಂದೇ ಲೇಸರ್‌ನ ಅಂಕಿಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕೋನ ಸರಿಹೋದ ಮೇಲೂ ಸ್ವಲ್ಪ ಸೋರಿಕೆ ಉಳಿಯುತ್ತದೆ. ಪೋಲರೈಸಿಂಗ್ ಮೈಕ್ರೋಸ್ಕೋಪಿನಲ್ಲಿ ದೀಪ ಜೋರು ಮಾಡಿ ಕಪ್ಪು ಭಾಗವನ್ನು ನೋಡಿದರೆ ಅದು ಸುಮ್ನೆ ಇರುವುದಿಲ್ಲ, ಮಿಣಮಿಣ ಅನ್ನುತ್ತಿರುತ್ತದೆ. ಅಲ್ಲಲ್ಲಿ ಸ್ಪೇಸರ್ ಚೆಂಡಿನ ಸುತ್ತ ಬೆಳಕಿನ ಬಳೆ, ಉಜ್ಜಿದ ಗೀರುಗಳ ಉದ್ದಕ್ಕೂ ಸಣ್ಣ ಗೆರೆ. ಚೆಂಡಿಗೆ ಪರಿಹಾರ ಇದೆ: ಚೆಂಡಿನ ಬದಲು ಸ್ಪೇಸರ್ ಕಂಬಗಳನ್ನು ಬ್ಲಾಕ್ ಮ್ಯಾಟ್ರಿಕ್ಸ್‌ನ (ಪಿಕ್ಸೆಲ್‌ಗಳ ನಡುವಿನ ಕಪ್ಪು ಜಾಲರಿ) ಹಿಂದೆ ನಿಲ್ಲಿಸಿದರೆ ಕಾಣುವುದಿಲ್ಲ. ಗೀರಿಗೂ ಇದೆ: ಬಟ್ಟೆ ಬಿಟ್ಟು, ಪೋಲರೈಸ್ ಆದ ಯುವಿ ಬೆಳಕಿನಿಂದಲೇ ದಿಕ್ಕು ಕೊಡುವ ಫೋಟೋ ಅಲೈನ್‌ಮೆಂಟ್. ಅದರಲ್ಲಿ ಧೂಳೂ ಇಲ್ಲ, ಉಜ್ಜಿದಾಗ ಹುಟ್ಟುವ ಸ್ಟ್ಯಾಟಿಕ್ ವಿದ್ಯುತ್ತೂ ಇಲ್ಲ. ಆ ಮಿಣುಕು ಮಾತ್ರ ಅಣುಗಳ ಉಷ್ಣ ಚಲನೆ. ಪೂರ್ತಿ ಹೋಗುವುದಿಲ್ಲ, ಕಡಿಮೆ ಮಾಡಬಹುದು ಅಷ್ಟೇ. ಬಗ್ಗಲು ಗಟ್ಟಿಯಾಗಿರುವ, ದ್ವಿವಕ್ರೀಭವನ ಕಡಿಮೆ ಇರುವ ಮಿಶ್ರಣ ಹಾಕಿದರೆ ಚದುರುವ ಬೆಳಕು ಇಳಿಯುತ್ತದೆ.

ಇದೆಲ್ಲ ನೇರ ನೋಡಿದಾಗಿನ ಕಥೆ. ಓರೆಯಿಂದ ನೋಡಿದರೆ ಪೋಲರೈಸರ್‌ಗಳೇ ಕೈಕೊಡುತ್ತವೆ. ನೇರಕ್ಕೆ 90 ಡಿಗ್ರಿ ಅಡ್ಡ ಇರುವ ಎರಡು ಅಕ್ಷಗಳು, ಮೂಲೆಯ ದಿಕ್ಕಿನಲ್ಲಿ 70 ಡಿಗ್ರಿ ವಾಲಿ ನೋಡಿದಾಗ 90 ಆಗಿ ಕಾಣುವುದಿಲ್ಲ. ಫಿಲ್ಮಿನೊಳಗೆ ಬೆಳಕು ಬಾಗುವುದನ್ನು ಲೆಕ್ಕ ಹಾಕಿದರೂ 14 ಡಿಗ್ರಿಯಷ್ಟು ವ್ಯತ್ಯಾಸ ಬರುತ್ತದೆ. ನಡುವೆ ಲಿಕ್ವಿಡ್ ಕ್ರಿಸ್ಟಲ್ ಇಲ್ಲದೆಯೂ ಕಾಂಟ್ರಾಸ್ಟ್ 20ರ ಕೆಳಗೆ ಬೀಳುತ್ತದೆ. ಸಾವಿರದಿಂದ ಇಪ್ಪತ್ತಕ್ಕೆ! ಇದಕ್ಕೆ ಮದ್ದು ಕಾಂಪೆನ್ಸೇಷನ್ ಫಿಲ್ಮ್. ಮೂರೂ ದಿಕ್ಕಿನಲ್ಲಿ ವಕ್ರೀಭವನ ಬೇರೆ ಬೇರೆ ಇರುವ, ದಪ್ಪದ ದಿಕ್ಕಿನದು ಉಳಿದೆರಡರ ಸರಿ ಮಧ್ಯದಲ್ಲಿರುವ ಅರ್ಧ ತರಂಗದ ಫಿಲ್ಮ್ ಒಂದನ್ನು ಪೋಲರೈಸರ್ ಪಕ್ಕ ಹಾಕಿದರೆ, ಓರೆ ಬಂದ ಬೆಳಕಿನ ಪೋಲರೈಸೇಷನ್ ಎದುರಿನ ಪೋಲರೈಸರ್ ನುಂಗುವ ದಿಕ್ಕಿಗೆ ಬಂದು ಕೂರುತ್ತದೆ. ನೇರ ಬಂದ ಬೆಳಕಿಗೆ ಏನೂ ಆಗುವುದಿಲ್ಲ. ಲೆಕ್ಕ ಹಾಕುವಾಗ ಪೋಲರೈಸರ್‌ನ ರಕ್ಷಣೆಗೆ ಅಂಟಿಸಿದ ಟಿಎಸಿ (ಟ್ರೈಅಸಿಟೈಲ್ ಸೆಲ್ಯುಲೋಸ್) ಹಾಳೆಯನ್ನು ಮರೆಯುವ ಹಾಗಿಲ್ಲ. ಅದೂ ದಪ್ಪದ ದಿಕ್ಕಿನಲ್ಲಿ ಬೆಳಕಿನ ಅಲೆಯನ್ನು ಹತ್ತಾರು ನ್ಯಾನೋಮೀಟರ್ ಹಿಂದೆ ತಳ್ಳುತ್ತದೆ. ಸಿಮ್ಯುಲೇಷನ್ನಿಗೂ ಅಳತೆಗೂ ಹೊಂದದಿದ್ದರೆ ನಾನು ಮೊದಲು ನೋಡುವುದು ಆ ಹಾಳೆಯನ್ನೇ.

ಫಿಲ್ಮ್ ಮಾತು ಬಂದದ್ದಕ್ಕೆ ಒಂದು ವಿಷಯ ಹೇಳಲೇಬೇಕು. ಹಳೆಯ ಟಿಎನ್ (ಟ್ವಿಸ್ಟೆಡ್ ನೆಮ್ಯಾಟಿಕ್) ಮಾದರಿಯ ಎಲ್‌ಸಿಡಿ ಪರದೆಗಳ ನೋಟದ ಕೋನ ಅಗಲ ಮಾಡಿದ ಫಿಲ್ಮಿನಲ್ಲಿದ್ದದ್ದು ತಟ್ಟೆಯಾಕಾರದ ಅಣುಗಳು. ಅಂಥ ಡಿಸ್ಕಾಟಿಕ್ ಲಿಕ್ವಿಡ್ ಕ್ರಿಸ್ಟಲ್ ಇದೆ ಅಂತ 1977ರಲ್ಲಿ ಮೊದಲು ತೋರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಜೊತೆಗಾರರು. ಆಗ ಡಿಸ್‌ಪ್ಲೇಯ ಯೋಚನೆ ಅದರಲ್ಲಿ ಇರಲಿಲ್ಲ. ಸುಮಾರು ಎರಡು ದಶಕ ಆದ ಮೇಲೆ ಲ್ಯಾಪ್‌ಟಾಪ್ ಪರದೆಗಳಿಗೆ ಅದು ಬೇಕಾಯಿತು.

ವೇಗದ ವಿಷಯಕ್ಕೆ ಬಂದರೆ ಜಗ್ಗಾಟ ಶುರು. ವೋಲ್ಟೇಜ್ ತೆಗೆದ ಮೇಲೆ ಅಣುಗಳು ಹಿಂದಿರುಗುವ ಸಮಯ ಗ್ಯಾಪಿನ ವರ್ಗಕ್ಕೆ ತಕ್ಕಂತೆ ಹೋಗುತ್ತದೆ. 3.5ರಿಂದ 3 ಮೈಕ್ರಾನ್‌ಗೆ ಇಳಿಸಿದರೆ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಉಳಿಯುತ್ತದೆ. ಆದರೆ ಬಿಳಿ ಹಾಗೇ ಇರಬೇಕಾದರೆ ದ್ವಿವಕ್ರೀಭವನ 0.09ರಿಂದ 0.105ಕ್ಕೆ ಏರಬೇಕು. ಅದು ಏರಿದರೆ ಮಿಶ್ರಣ ಸಾಮಾನ್ಯವಾಗಿ ಜಿಗುಟಾಗಿ ಅಣುಗಳ ಚಲನೆ ನಿಧಾನವಾಗುತ್ತದೆ, ಮಿಣುಕೂ ಹೆಚ್ಚುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗಾಯಿತು ಅಲ್ವಾ? ನಾನು ಕೊನೆಗೆ ಗ್ಯಾಪ್ ಸ್ವಲ್ಪವೇ ಇಳಿಸಿ, ಬಿಳಿಯಲ್ಲಿ ಒಂಚೂರು ಬಿಟ್ಟುಕೊಟ್ಟೆ. ಕಪ್ಪನ್ನು ಮುಟ್ಟಲಿಲ್ಲ. ಉಳಿದ ವೇಗವನ್ನು ಓವರ್‌ಡ್ರೈವ್‌ನಿಂದ ಪಡೆಯಬಹುದು. ಒಂದು ಬೂದು ಛಾಯೆಯಿಂದ ಇನ್ನೊಂದು ಬೂದು ಛಾಯೆಗೆ ಹೋಗುವಾಗ ಅಣುಗಳು ಜಾಸ್ತಿ ಸೋಮಾರಿಗಳು, ಅಲ್ಲಿ ಕ್ಷಣಕಾಲ ಹೆಚ್ಚು ವೋಲ್ಟೇಜ್ ಕೊಟ್ಟು ನೂಕಬೇಕು.

ಈಗ ಬ್ಯಾಕ್‌ಲೈಟಿನಲ್ಲಿ ಪುಟ್ಟ ಪುಟ್ಟ ದೀಪಗಳಿರುವ ಮಿನಿ ಎಲ್‌ಇಡಿ ಬಂದ ಮೇಲೆ ಕೆಲವರು ಕೇಳುತ್ತಾರೆ, ಕಪ್ಪು ಬೇಕಾದಲ್ಲಿ ಬ್ಯಾಕ್‌ಲೈಟನ್ನೇ ಆರಿಸಬಹುದಲ್ಲ, ಇಷ್ಟೆಲ್ಲ ಯಾಕೆ ಅಂತ. ಆರಿಸುವುದು ವಲಯ ವಲಯವಾಗಿ. ಒಂದು ವಲಯದೊಳಗೆ ಸಾವಿರಾರು ಪಿಕ್ಸೆಲ್ ಇರುತ್ತವೆ. ಕಪ್ಪು ಆಕಾಶದಲ್ಲಿ ಒಂದೇ ನಕ್ಷತ್ರ ಇದ್ದರೂ ಆ ವಲಯ ಪೂರ್ತಿ ಉರಿಯಬೇಕು. ಸುತ್ತಲಿನ ಪಿಕ್ಸೆಲ್‌ಗಳಿಂದ ಸೋರಿದ್ದೇ ನಕ್ಷತ್ರದ ಸುತ್ತ ಕಾಣುವ ಮಸುಕು ಪ್ರಭೆ. ಪ್ಯಾನೆಲ್ಲಿನ ಸ್ವಂತ ಕಾಂಟ್ರಾಸ್ಟ್ 1,000ದಿಂದ 3,000ಕ್ಕೆ ಏರಿದರೆ ಆ ಪ್ರಭೆ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಓರೆ ಕೂತು ನೋಡುವವರಿಗೆ ಪ್ರಭೆ ಇನ್ನೂ ದೊಡ್ಡದಾಗಿ ಕಾಣುತ್ತದೆ, ಅದನ್ನು ತಗ್ಗಿಸುವುದು ಕಾಂಪೆನ್ಸೇಷನ್ ಫಿಲ್ಮ್. ಸದ್ಯ ನನ್ನ ಬೆಂಚಿನ ಮೇಲಿರುವುದೂ ಅದೇ ಫಿಲ್ಮಿನ ಅಳತೆ.