ಲಾರಿಯಿಂದ ಇಳಿಯದೆ ಟ್ರೇಲರ್‌ಗೆ ಗಾಳಿ, ಕರೆಂಟ್ ಜೋಡಿಸಿದ್ದು: ನನ್ನ ಅನುಭವ

ಟ್ರೇಲರ್ ಅಡಿಯ ಕಿಂಗ್ ಪಿನ್ (ದಪ್ಪ ಕಬ್ಬಿಣದ ಗೂಟ) ಲಾರಿಯ ಮೇಲಿನ ಫಿಫ್ತ್ ವೀಲ್ ಎಂಬ ತಟ್ಟೆಯ ಬಾಯಲ್ಲಿ ತಾನಾಗಿ ಕಚ್ಚಿಕೊಳ್ಳುತ್ತದೆ. ಆದರೆ ಟ್ರೇಲರ್ ಬ್ರೇಕಿಗೆ ಗಾಳಿ ಒಯ್ಯುವ ಏರ್ ಹೋಸ್ ಸಿಕ್ಕಿಸಲು ಡ್ರೈವರ್ ಇಳಿದು, ಕ್ಯಾಬಿನ್ ಹಿಂದೆ ಹತ್ತಿ, ಗ್ರೀಸ್ ಮೆತ್ತಿದ ಜಾಗದಲ್ಲಿ ಕಾಲೂರಿ ನಿಲ್ಲಬೇಕು. ಈ ಕೆಲಸ ತಪ್ಪಿಸುತ್ತೇನೆ ಎಂದು ಹೊರಟಾಗ ನಮ್ಮ ಯಾರ್ಡಿನಲ್ಲಿ ನಂಬಿದವರು ಕಡಿಮೆ. "ಗಾಳಿ, ಕರೆಂಟ್, ಗ್ರೀಸ್ ಮೂರನ್ನೂ ಒಂದೇ ಕಡೆ ಇಟ್ಟರೆ ಒಂದು ವಾರ ಬಾಳಲ್ಲ" ಎಂದು ಹಳೆಯ ಮೆಕ್ಯಾನಿಕ್ ಒಬ್ಬರು ಮುಖಕ್ಕೆ ಹೇಳಿದ್ದರು. ಈಗ ವರ್ಷ ದಾಟಿದೆ. ದಿನವಿಡೀ ಟ್ರೇಲರ್ ಬದಲಾಯಿಸುವ ಗಾಡಿಯಲ್ಲೇ ನಾನು ಮಾಡಿದ ಜೋಡಣೆ ಓಡುತ್ತಿದೆ. ಅದೇ ಮೆಕ್ಯಾನಿಕ್ ಈಗ ಅದರ ಸೀಲ್ ಬದಲಾಯಿಸುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂತು.

ಇದನ್ನು ಮೊದಲು ಕಂಡುಹಿಡಿದವನು ನಾನಲ್ಲ. ಇದೇ ಕೆಲಸ ಮಾಡುವ ಜೋಸ್ಟ್ ಕಂಪನಿಯ ಕೆಕೆಎಸ್ ಇದೆ. ಇಂಥ ಜೋಡಣೆಗೆ ಐಎಸ್‌ಒ 13044 ಎಂಬ ಮಾನದಂಡವೂ ಇದೆ. ನಮ್ಮ ತೊಂದರೆ ಬೇರೆ. ಒಂದು ಲಾರಿಗೆ ನಾಲ್ಕೈದು ಟ್ರೇಲರ್ ಇರುವವರು ನಾವು. ಅರ್ಧ ಭಾಗ ಲಾರಿಗೆ ಹಾಕಿದರೆ ಸಾಲದು, ಇನ್ನರ್ಧ ಪ್ರತಿ ಟ್ರೇಲರ್‌ಗೂ ಬೇಕು. ದುಡ್ಡು ಕರಗುವುದು ಅಲ್ಲೇ. ಅದಕ್ಕೇ ಮೊದಲ ದಿನದಿಂದ ಒಂದು ಕಟ್ಟುಪಾಡು ಹಾಕಿಕೊಂಡೆ: ಟ್ರೇಲರ್ ಕಡೆ ಸೆನ್ಸರ್ ಬೇಡ, ಸಿಲಿಂಡರ್ ಬೇಡ, ಬ್ಯಾಟರಿ ಬೇಡ. ಬುದ್ಧಿಯೆಲ್ಲ ಲಾರಿಯಲ್ಲಿರಲಿ. ಟ್ರೇಲರ್ ಭಾಗದ ಖರ್ಚು ಒಂದು ಟೈರಿನ ಬೆಲೆ ದಾಟಬಾರದು.

ಮೊದಲು ಮಾಡಿದ್ದು ಕ್ಯಾಬಿನ್ ಹಿಂದಿನ ತೋಳು. ಮೋಟಾರಿನ ತೋಳೊಂದು ಕ್ಯಾಮೆರಾದಿಂದ ಟ್ರೇಲರ್ ಮುಂಭಾಗದ ಏರ್ ಕಪ್ಲಿಂಗ್ ಹುಡುಕಿ, ಹೋಸ್ ಹಿಡಿದು ಸಿಕ್ಕಿಸಬೇಕು. ಶೆಡ್ಡಿನೊಳಗೆ ಚೆನ್ನಾಗಿ ಮಾಡಿತು, ನೋಡಿದವರು ಚಪ್ಪಾಳೆ ಹೊಡೆದರು. ಬಿಸಿಲಿಗೆ ಬಂದ ತಕ್ಷಣ ಕ್ಯಾಮೆರಾ ಕುರುಡಾಯಿತು. ಒಂದು ಟ್ರೇಲರಿನ ಕಪ್ಲಿಂಗ್ ನಡುವೆ, ಇನ್ನೊಂದರದ್ದು ಎಡಕ್ಕೆ, ಮತ್ತೊಂದರದ್ದು ಒಂದು ಗೇಣು ಕೆಳಗೆ. ಲೆನ್ಸ್ ಮೇಲೆ ಧೂಳು ಕೂತರೆ ಇಳಿದು ಒರೆಸಬೇಕು. ಇಳಿಯದಿರುವುದಕ್ಕೇ ಮಾಡಿದ್ದಲ್ವಾ ಇದು? ಇಡೀ ಕೆಲಸದಲ್ಲಿ ಅತಿ ಹೆಚ್ಚು ದುಡ್ಡು ತಿಂದದ್ದು ಈ ತೋಳು. ಒಂದು ಲಾರಿಗೆ ಪೂರ್ತಿ ಹೊಸ ಟೈರ್ ಹಾಕಿಸಬಹುದಿತ್ತು.

ಆಮೇಲೆ ಎಲ್ಲರಿಗೂ ಹೊಳೆಯುವ ದಾರಿ ಹಿಡಿದೆ. ಫಿಫ್ತ್ ವೀಲಿನ ಬಾಯಿಯಲ್ಲಿ ಒಂದು ಪ್ಲಗ್, ಕಿಂಗ್ ಪಿನ್ ಹಿಂದೆ ಒಂದು ಸಾಕೆಟ್. ಲಾರಿ ರಿವರ್ಸ್ ಬಂದಾಗ ಪಿನ್ ಜೊತೆಗೇ ಪ್ಲಗ್ ಕೂಡ ಕೂರಬೇಕು. ಕಾಗದದ ಮೇಲೆ ಇಷ್ಟು ಸರಳವಾದದ್ದು ಇನ್ನೊಂದಿಲ್ಲ. ಆದರೆ ಏಳೆಂಟು ಟನ್ನಿನ ಲಾರಿ ನಡಿಗೆಯ ವೇಗದಲ್ಲಿ ಬಂದು ಗುದ್ದಿದಾಗ ಎದುರಿಗೆ ಸಿಗುವುದು ಪ್ಲಗ್ಗಿಗೆ ದಾರಿ ತೋರಿಸುವ ಬೆರಳು ದಪ್ಪದ ಗೈಡ್ ಪಿನ್ ಅಷ್ಟೇ. ಟ್ರೇಲರ್ ಲೆಗ್ (ಲಾರಿ ಇಲ್ಲದಾಗ ಟ್ರೇಲರಿನ ಮುಂಭಾಗ ಹೊತ್ತು ನಿಲ್ಲುವ ಕಾಲು) ಸ್ವಲ್ಪ ಎತ್ತರದಲ್ಲಿದ್ದರೆ ಪ್ಲಗ್ ಕೆಳಗೆ ತಾಗುತ್ತದೆ, ತಗ್ಗಿನಲ್ಲಿದ್ದರೆ ಮೇಲೆ. ಸರಿಯಾಗಿ ಕೂತರೂ ನೆಮ್ಮದಿಯಿಲ್ಲ. ಫಿಫ್ತ್ ವೀಲಿನ ಲಾಕ್ ಸವೆದಿದ್ದರೆ ಬ್ರೇಕ್ ಹಾಕಿದಾಗಲೆಲ್ಲ ಪಿನ್ ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಆಡುತ್ತದೆ. ಆ ಆಟವನ್ನೆಲ್ಲ ಕನೆಕ್ಟರ್ ಹೊರಬೇಕು. ಒಳ್ಳೆಯ ಇಂಡಸ್ಟ್ರಿಯಲ್ ಕನೆಕ್ಟರ್‌ಗಳು ಸಾಲಾಗಿ ಬಾಗಿದವು. ಒಂದೊಂದಕ್ಕೂ ಅರ್ಧ ಟೈರಿನ ದುಡ್ಡು.

ದಾರಿ ತೋರಿಸಿದ್ದು ರೈಲು. ಅಲ್ಲಿ ಶಾರ್ಫೆನ್‌ಬರ್ಗ್ ಕಪ್ಲರ್ 1903ರಿಂದಲೂ ಇದೆ. ಗಾಳಿ, ಕರೆಂಟ್ ಎರಡೂ ತಾನಾಗಿ ಸೇರಿಸುತ್ತದೆ. ಅದರ ಹಲವು ಮಾದರಿಗಳಲ್ಲಿ ಮೊದಲು ಕಬ್ಬಿಣ ಕಚ್ಚಿಕೊಳ್ಳುತ್ತದೆ. ಕರೆಂಟಿನ ಪೆಟ್ಟಿಗೆ ಆಮೇಲೆ ಗಾಳಿಯ ಸಿಲಿಂಡರಿನಿಂದ ಮೆಲ್ಲಗೆ ಮುಂದೆ ಬರುತ್ತದೆ. ನಾವು ಮಾಡಬೇಕಾದದ್ದೂ ಇಷ್ಟೇ. ಲಾರಿಯ ಓಟದಿಂದ ಕನೆಕ್ಟರ್ ಸಿಕ್ಕಿಸಬಾರದು. ಪಿನ್ ಕೂತು, ಲಾಕ್ ಬಿದ್ದು, ಎಲ್ಲ ನಿಂತ ಮೇಲೆ ಬೇರೆ ಸಣ್ಣ ಸಿಲಿಂಡರಿನಿಂದ ಸಿಕ್ಕಿಸಬೇಕು. ಇದು ತಲೆಗೆ ಹೋದ ದಿನವೇ ಗೆದ್ದೆ ಅನಿಸಿತು. ಉಳಿದದ್ದು ಲೇತ್ ಕೆಲಸ.

ಲೇತ್ ಕೆಲಸವೂ ಸುಮ್ನೆ ಮುಗಿಯಲಿಲ್ಲ. ತಿರುವಿನಲ್ಲಿ ಲಾರಿ ಪಿನ್ ಸುತ್ತ ತಿರುಗುತ್ತದೆ, ಟ್ರೇಲರ್ ಅದರ ಜೊತೆಗೇ ತಿರುಗುವುದಿಲ್ಲ. ಆದ್ದರಿಂದ ಟ್ರೇಲರ್ ಕಡೆಯ ಸಾಕೆಟ್ ಪಿನ್ ಸುತ್ತ ತಿರುಗುವ ಒಂದು ಬೆಣೆಯೊಳಗೆ ಕೂರಬೇಕು. ಬೆಣೆ ಫಿಫ್ತ್ ವೀಲಿನ 'ವಿ' ಬಾಯಿಯಲ್ಲಿ ಸಿಕ್ಕಿಕೊಂಡು ಲಾರಿಯ ಜೊತೆ ತಿರುಗುತ್ತದೆ. ಅದರಿಂದ ಟ್ರೇಲರ್ ಮೈಗೆ ಹೋಗುವ ಪೈಪು, ವೈರು ಎರಡೂ ಕಡೆಗೆ ತೊಂಬತ್ತು ಡಿಗ್ರಿ ತಾಳಬೇಕು. ನೇರ ಎಳೆದರೆ ಹರಿಯುತ್ತದೆ, ಸುರುಳಿ ಮಾಡಿದರೆ ನಿಲ್ಲುತ್ತದೆ. ಟ್ರೇಲರ್ ಬಿಟ್ಟು ಬಂದ ಮೇಲೆ ಬೆಣೆ ನಡುವಿಗೆ ಮರಳಲು ಎರಡು ಸ್ಪ್ರಿಂಗ್ ಹಾಕಿದ್ದೇನೆ. ಲಾರಿ ಹದಿನೈದು ಡಿಗ್ರಿ ಓರೆಯಾಗಿ ಬಂದರೂ 'ವಿ' ಬಾಯಿಯೇ ಬೆಣೆಯನ್ನು ತಿರುಗಿಸಿ ಎಳೆದುಕೊಳ್ಳುತ್ತದೆ. ಬೆಣೆಯ ರಿಂಗ್‌ಗೆ ಮೊದಲು ಕಂಚಿನ ಬುಷ್ ಹಾಕಿದ್ದೆ. ಗ್ರೀಸಿಗೆ ಮರಳು ಸೇರಿ ಅದನ್ನು ಅರೆದು ಹಾಕಿತು. ಈಗ ಗ್ರೀಸ್ ಬೇಡದ ಗಟ್ಟಿ ಪ್ಲಾಸ್ಟಿಕ್ ರಿಂಗ್. ಪಿನ್ನಿಗೂ ಅದರ ತಟ್ಟೆಗೂ ವೆಲ್ಡಿಂಗ್, ಡ್ರಿಲ್ಲಿಂಗ್ ಮಾಡಲೇಬಾರದು, ಇದು ನಿಮಗೆಲ್ಲ ಗೊತ್ತು. ಅದೆರಡೂ ಇಲ್ಲದೆ ರಿಂಗನ್ನು ಹೇಗೆ ಹಿಡಿದು ನಿಲ್ಲಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ನನ್ನ ನಿದ್ದೆ ಬಹಳ ಹೋಗಿದೆ.

ಗಾಳಿಯ ಕಡೆ ಬಂದರೆ, ಮೊದಲು ಲೆಕ್ಕ ಹಾಕಬೇಕಾದದ್ದು ತಳ್ಳುವ ಬಲ. ಇಪ್ಪತ್ತು ಮಿಲಿಮೀಟರ್ ಸೀಲ್, ಎಂಟು ಬಾರ್ ಗಾಳಿ. ಒಂದು ಲೈನಿಗೆ ಸುಮಾರು ಇಪ್ಪತ್ತೈದು ಕೆಜಿ. ಕೆಂಪು ಲೈನಿನಲ್ಲಿ ಟ್ರೇಲರಿಗೆ ಸದಾ ಗಾಳಿ ಇರುತ್ತದೆ, ಹಳದಿಯಲ್ಲಿ ಬ್ರೇಕ್ ಒತ್ತಿದಾಗ ಮಾತ್ರ. ಬ್ರೇಕ್ ಪೂರ್ತಿ ಒತ್ತಿದಾಗ ಎರಡೂ ಲೈನ್ ಸೇರಿ ಐವತ್ತು ಕೆಜಿ ಬಲ ಎರಡು ಭಾಗಗಳನ್ನು ಬೇರೆ ಮಾಡಲು ಒದ್ದಾಡುತ್ತದೆ. ಸಿಲಿಂಡರಿನ ಗಾಳಿಯನ್ನೇ ನಂಬಿ ಕೂತರೆ ಅದರ ಒತ್ತಡ ಇಳಿದ ಕ್ಷಣ ಎಲ್ಲ ಬಾಯಿ ಬಿಡುತ್ತದೆ. ಅದಕ್ಕೆ ಕೊನೆಯಲ್ಲಿ ಒಂದು ಕಬ್ಬಿಣದ ಕೊಂಡಿ ಬೀಳುತ್ತದೆ. ಗಾಳಿ ಇರಲಿ ಬಿಡಲಿ, ಕೊಂಡಿ ಹಿಡಿದಿರುತ್ತದೆ. ಸಿಲಿಂಡರಿಗೆ ಗಾಳಿಯನ್ನು ಬ್ರೇಕ್ ಸರ್ಕ್ಯೂಟಿನಿಂದ ತೆಗೆಯಬೇಡಿ. ನಾಲ್ಕು ದಾರಿಯ ಪ್ರೊಟೆಕ್ಷನ್ ವಾಲ್ವ್ (ಒಂದು ಲೈನ್ ಸೋರಿದರೂ ಉಳಿದವುಗಳ ಗಾಳಿ ಕಾಯುವ ವಾಲ್ವ್) ದಾಟಿದ ಮೇಲಿನ ಹೆಚ್ಚುವರಿ ಲೈನಿನಿಂದಲೇ ತೆಗೆಯಿರಿ.

ಸೀಲಿನ ಕಥೆ ಹೇಳಲೇಬೇಕು. ಮಾರುವವರು ಒಳ್ಳೆಯದು ಎಂದು ಕೊಟ್ಟದ್ದು ಇಪಿಡಿಎಂ ರಬ್ಬರಿನ ಓ-ರಿಂಗ್. ಬಿಸಿಲು, ನೀರಿಗೆ ಅದು ನಿಜಕ್ಕೂ ಗಟ್ಟಿ. ಮಿನರಲ್ ಆಯಿಲ್ ಸೋಕಿದರೆ ಉಬ್ಬುತ್ತದೆ. ಫಿಫ್ತ್ ವೀಲ್ ಸುತ್ತ ಇರುವುದೆಲ್ಲ ಗ್ರೀಸೇ. ಕೆಲವೇ ವಾರಗಳಲ್ಲಿ ಹಿಸ್ಸೆಂದು ಗಾಳಿ ಸೋರಲು ಶುರುವಾಯಿತು. ಬಿಚ್ಚಿ ನೋಡಿದರೆ ರಿಂಗ್ ತೋಡಿನಿಂದ ಅರ್ಧ ಹೊರಗೆ ಬಂದಿದೆ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಜಾರುತ್ತದೆ, ಅಂಚು ಹಲ್ಲಿಂದ ಕಚ್ಚಿದ ಹಾಗೆ ಹರಿದಿದೆ. ಎಣ್ಣೆ ತಾಳುವ ಎನ್‌ಬಿಆರ್ (ನೈಟ್ರೈಲ್) ರಬ್ಬರ್ ಹಾಕಿದೆ, ಸೋರುವುದು ನಿಂತಿತು. ಈ ಒಂದು ವಿಷಯಕ್ಕೆ ನನ್ನ ಖರ್ಚಿನಲ್ಲಿ ಒಂದು ಪಾಲು ಹೋಯಿತು, ನಿಮ್ಮದು ಉಳಿಯಲಿ. ಪೈಪಿನೊಳಗಿನ ಸೀಲಿಗಿಂತ ಮುಖಕ್ಕೆ ಮುಖ ಒತ್ತುವ ಸೀಲ್ ಮೇಲು. ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಅದು ಸಹಿಸಿಕೊಳ್ಳುತ್ತದೆ.

ಇನ್ನೊಂದು ಪೆಟ್ಟು ಗಾಳಿದಾರಿಯ ಅಗಲದ್ದು. ಜಾಗ ಉಳಿಸಲು ಕನೆಕ್ಟರ್ ಒಳಗೆ ಆರು ಮಿಲಿಮೀಟರ್ ತೂತು ಇಟ್ಟಿದ್ದೆ. ಟ್ರೇಲರ್ ಬ್ರೇಕ್ ಬರುವುದು ತಡವಾಯಿತು. ಖಾಲಿ ಯಾರ್ಡಿನಲ್ಲೇ ಟ್ರೇಲರ್ ಹಿಂದಿನಿಂದ ನೂಕುವುದು ಸೀಟಿನಲ್ಲಿ ಗೊತ್ತಾಗುತ್ತಿತ್ತು. ಹನ್ನೆರಡಕ್ಕೆ ಹಿಗ್ಗಿಸಿದ ಮೇಲೆ ಹಳೆಯ ಹೋಸಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಕರೆಂಟಿನದ್ದು ಬೇರೆಯೇ ಗೋಳು. ಲೈಟಿಗೆ ಹದಿನೈದು ಪಿನ್ನಿನ ಐಎಸ್‌ಒ 12098, ಇಬಿಎಸ್‌ಗೆ, ಅಂದರೆ ಎಲೆಕ್ಟ್ರಾನಿಕ್ ಬ್ರೇಕಿಗೆ, ಏಳು ಪಿನ್ನಿನ ಐಎಸ್‌ಒ 7638 ಪ್ಲಗ್. ಎರಡರ ತಂತಿಗಳೂ ಒಂದೇ ಪೆಟ್ಟಿಗೆಯಲ್ಲಿ ಬರಬೇಕು. ಸ್ಪ್ರಿಂಗ್ ಇರುವ ಗುಂಡು ಕಾಂಟ್ಯಾಕ್ಟ್ ಸುಲಭ ಅಂತ ಹಾಕಿದೆ. ಲೈಟು ಉರಿಯಿತು, ಇಬಿಎಸ್ ಎಚ್ಚರಿಕೆ ದೀಪ ಮಾತ್ರ ಆಗಾಗ ಮಿನುಗುತ್ತಿತ್ತು. ಗುಂಡಿನ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳು ಗ್ರೀಸ್. ಅದನ್ನು ಒರೆಸುವುದು ಯಾರು? ಒಂದರೊಳಗೆ ಒಂದು ಉಜ್ಜಿಕೊಂಡು ಹೋಗುವ ಪಿನ್ ಆದರೆ ಪ್ರತಿ ಸಲ ತನ್ನನ್ನು ತಾನೇ ಒರೆಸಿಕೊಳ್ಳುತ್ತದೆ. ತವರ ಲೇಪದ ಪಿನ್ ಕೂಡ ಬಾಳಲಿಲ್ಲ. ಅಲುಗಾಟಕ್ಕೆ ಸವೆದು ಕಪ್ಪಾಯಿತು. ಬೆಳ್ಳಿ ಲೇಪಕ್ಕೆ ಹೋದೆ. ದುಬಾರಿಯೇ, ಆದರೆ ದೀಪ ಆರಿತು. ಇಬಿಎಸ್‌ನ ಆರು ಮತ್ತು ಏಳನೇ ಪಿನ್ನಿನಲ್ಲಿ ಹೋಗುವುದು ಕ್ಯಾನ್ (CAN) ಮಾತುಕತೆ, ಅಂದರೆ ಲಾರಿ ಮತ್ತು ಟ್ರೇಲರಿನ ಬ್ರೇಕ್ ಕಂಪ್ಯೂಟರ್‌ಗಳ ನಡುವಿನ ಸಂದೇಶ. ಅದಕ್ಕೆ ಅರೆಬರೆ ಸಂಪರ್ಕ ಸಾಲುವುದಿಲ್ಲ. ಒಂದು ಪಿನ್ನನ್ನು ಉಳಿದವಕ್ಕಿಂತ ಗಿಡ್ಡ ಮಾಡಿದ್ದೇನೆ. ಅದು ಕೊನೆಗೆ ತಾಗುತ್ತದೆ, ಮೊದಲು ಬಿಡುತ್ತದೆ. ಅದು ತಾಗಿದೆ ಎಂದಾದರೆ ಮಾತ್ರ ಉಳಿದ ಪಿನ್‌ಗಳಿಗೆ ಕರೆಂಟ್ ಬಿಡುವುದು. ಕಿಡಿ ಹಾರುವುದು ನಿಂತಿತು.

ಪ್ಲಗ್ಗಿನ ಪಿನ್‌ಗಳು ಸೇರುವ ಮೊದಲು ಪ್ಲಗ್, ಸಾಕೆಟ್ ಎರಡರ ಮುಖಗಳ ಮೇಲೂ ಜೋರಾಗಿ ಗಾಳಿ ಊದುತ್ತೇನೆ. ಮುಚ್ಚಳಗಳು ತೆರೆಯುವುದೂ ಅದೇ ಹೊತ್ತಿಗೆ. ತೂತುಗಳನ್ನು ಯಾವ ಕೋನಕ್ಕೆ ಕೊರೆದರೆ ಕೊಳೆ ಒಳಗೆ ಹೋಗದೆ ಹೊರಗೆ ಹಾರುತ್ತದೆ ಅನ್ನುವುದು ಎರಡನೇ ಗುಟ್ಟು. ಅದೂ ನನ್ನಲ್ಲೇ ಇರಲಿ.

ಇಷ್ಟೆಲ್ಲದರಲ್ಲಿ ನಾನು ಅತಿ ಹೆಚ್ಚು ಹೆದರಿದ್ದು ಒಂದಕ್ಕೇ. ಕೆಂಪು ಲೈನಿಗೆ ಗಾಳಿ ಹೋದ ತಕ್ಷಣ ಟ್ರೇಲರಿನ ಎಮರ್ಜೆನ್ಸಿ ಬ್ರೇಕ್ ಬಿಡುತ್ತದೆ. ಲಾರಿ ಹ್ಯಾಂಡ್ ಬ್ರೇಕಿನಲ್ಲಿ ಇಲ್ಲದಿದ್ದರೆ ಇಡೀ ಗಾಡಿ ತಾನಾಗಿ ಉರುಳಿಕೊಂಡು ಹೋಗಬಹುದು. ಕೈಯಿಂದ ಹೋಸ್ ಹಾಕುವಾಗಲೇ ಹೀಗೆ ಜೀವ ಹೋದದ್ದುಂಟು. ಅದನ್ನೇ ತಾನಾಗಿ ನಡೆಯುವ ಹಾಗೆ ಮಾಡಿ, ಈ ಅಪಾಯವನ್ನು ಹಾಗೇ ಉಳಿಸಿದರೆ ನಮ್ಮ ಕೈಯಲ್ಲಿ ಕೊಲೆಯಾದ ಹಾಗೆ. ನನ್ನ ಕ್ರಮ ಹೀಗಿದೆ. ಪಿನ್ ಕೂತಿತು, ಲಾಕ್ ಬಿತ್ತು ಎಂದು ಬೇರೆ ಬೇರೆ ಸೆನ್ಸರ್ ಹೇಳಬೇಕು, ಒಂದರ ಮಾತು ಸಾಲದು. ಆಮೇಲೆ ಡ್ರೈವರ್ ಸಣ್ಣ ಗೇರಿನಲ್ಲಿ ಮುಂದಕ್ಕೆ ಎಳೆದು ನೋಡಬೇಕು. ಟ್ರೇಲರಿಗೆ ಇನ್ನೂ ಗಾಳಿ ಹೋಗಿಲ್ಲ, ಅದು ಬ್ರೇಕಿನಲ್ಲೇ ನಿಂತಿದೆ, ಆದ್ದರಿಂದ ಈ ಎಳೆತಕ್ಕೆ ನಿಜವಾದ ಅರ್ಥವಿದೆ. ಪಿನ್ ಲಾಕಿನ ಮೇಲೆ ಸುಮ್ನೆ ಕೂತಿದ್ದರೆ ಇಲ್ಲೇ ಬಯಲಾಗುತ್ತದೆ. ನಂತರ ಹ್ಯಾಂಡ್ ಬ್ರೇಕ್. ಅದು ಬಿದ್ದರೆ ಮಾತ್ರ ಸಿಲಿಂಡರ್ ಚಲಿಸುತ್ತದೆ. ಪ್ಲಗ್ ಕೂತ ಮೇಲೂ ಕೆಂಪು ಲೈನಿನ ಗಾಳಿ ತಾನಾಗಿ ಹೋಗುವುದಿಲ್ಲ. ಡ್ರೈವರ್ ಕ್ಯಾಬಿನ್ನಿನ ವಾಲ್ವ್ ಒತ್ತಬೇಕು. ಆ ಒಂದು ಒತ್ತು ಮನುಷ್ಯನದ್ದೇ ಇರಲಿ ಎಂಬ ನನ್ನ ಹಟವನ್ನು ಯಾರು ಹೇಳಿದರೂ ಬಿಟ್ಟಿಲ್ಲ.

ಬಿಡುವಾಗ ಇದೇ ಕ್ರಮ ತಿರುಗಿಸಿ. ಮೊದಲು ಗಾಳಿ ಮುಚ್ಚಿ ಖಾಲಿ ಮಾಡುವುದು, ಆಮೇಲೆ ಕರೆಂಟ್, ಆಮೇಲೆ ಪ್ಲಗ್ ಹಿಂದಕ್ಕೆ, ಕೊನೆಗೆ ಪಿನ್ ಲಾಕ್. ಪ್ಲಗ್ ಹಿಂದೆ ಬರದಿದ್ದರೆ ಲಾಕ್ ತೆರೆಯುವುದೇ ಇಲ್ಲ.

ಹಳೆಯ ಹೋಸ್‌ಗಳನ್ನು ತೆಗೆದು ಹಾಕಿಲ್ಲ. ಬೇರೆಯವರ ಲಾರಿ ನಮ್ಮ ಟ್ರೇಲರ್ ಎಳೆಯಬೇಕಾದಾಗ ಅವೇ ಗತಿ. ಟ್ರೇಲರಿನಲ್ಲಿ ಪ್ರತಿ ಲೈನಿಗೂ ಒಂದು ಡಬಲ್ ಚೆಕ್ ವಾಲ್ವ್ (ಗಾಳಿ ಬಂದ ಕಡೆ ತೆರೆದು ಇನ್ನೊಂದು ಕಡೆ ಮುಚ್ಚುವ ವಾಲ್ವ್) ಹಾಕಿದರೆ ಹಳೆಯ ದಾರಿ, ಹೊಸ ದಾರಿ ಎರಡೂ ಜಗಳವಿಲ್ಲದೆ ಕೂತಿರುತ್ತವೆ. ರಸ್ತೆಗೆ ಇಳಿಸುವವರು ಬ್ರೇಕ್ ಮತ್ತು ಕಪ್ಲಿಂಗ್ ಎರಡಕ್ಕೂ ಒಪ್ಪಿಗೆ ಪಡೆಯಬೇಕು. ನನ್ನದು ಯಾರ್ಡಿನ ಒಳಗಷ್ಟೇ ಓಡುವುದು.

ನಡುವೆ ಕೆಲವು ಅಡ್ಡದಾರಿಗಳಿಗೂ ಹೋಗಿ ಬಂದೆ. ಪಿನ್ನೇ ಬೇಡ, ಎರಡು ಸುರುಳಿಗಳ ನಡುವೆ ಗಾಳಿಯಲ್ಲೇ ಕರೆಂಟ್ ದಾಟಿಸೋಣ ಎಂದು ನೋಡಿದೆ. ಅಂತರ ಸ್ವಲ್ಪ ಹೆಚ್ಚಾದರೆ ಸಿಗುವ ಕರೆಂಟು ಇಬಿಎಸ್ ವಾಲ್ವಿಗೆ ಎಲ್ಲಿ ಸಾಲಬೇಕು? ಕೈಬಿಟ್ಟೆ. ಇನ್ನೊಂದು ಮಾತ್ರ ಲಾಭವಾಯಿತು. ಬೆಣೆ ಲಾರಿಯ ಜೊತೆ ತಿರುಗುತ್ತದೆ ಅಂದೆನಲ್ಲ, ಅದಕ್ಕೊಂದು ಅಯಸ್ಕಾಂತ ಅಂಟಿಸಿ, ಎದುರಿಗೆ ಲಾರಿಯ ಕಡೆ ಕೋನ ಅಳೆಯುವ ಸೆನ್ಸರ್ ಇಟ್ಟೆ. ಬೆಣೆಯೇ ಲಾರಿಗೆ ಅಂಟಿಕೊಂಡು ತಿರುಗುವುದರಿಂದ ಏನೂ ತೋರಿಸಲಿಲ್ಲ. ಅಯಸ್ಕಾಂತವನ್ನು ಟ್ರೇಲರ್ ತಟ್ಟೆಯ ಮೇಲೆ, ಪಿನ್ನಿನ ಸುತ್ತ ಅಂಟಿಸಿದ ಮೇಲೆ ರಿವರ್ಸ್ ಹೋಗುವಾಗ ಟ್ರೇಲರ್ ಲಾರಿಗೆ ಎಷ್ಟು ಓರೆಯಾಗಿ ತಿರುಗಿದೆ ಎಂದು ಕ್ಯಾಬಿನ್ನಿನಲ್ಲೇ ಕಾಣುತ್ತದೆ. ಅಯಸ್ಕಾಂತಕ್ಕೆ ಕರೆಂಟು ಬೇಡ, ನನ್ನ ಕಟ್ಟುಪಾಡೂ ಮುರಿಯಲಿಲ್ಲ. ಹೊಸ ಡ್ರೈವರ್‌ಗಳಿಗೆ ಕನೆಕ್ಟರಿಗಿಂತ ಇದೇ ಜಾಸ್ತಿ ಇಷ್ಟ.

ಈಗಿನ ಲೆಕ್ಕ ಸುಮಾರಾಗಿ ಹೀಗೆ. ಲಾರಿ ಭಾಗಕ್ಕೆ ನಾಲ್ಕು ಟೈರಿನಷ್ಟು, ಟ್ರೇಲರ್ ಭಾಗಕ್ಕೆ ಒಂದಕ್ಕಿಂತ ಸ್ವಲ್ಪ ಕಡಿಮೆ. ಟ್ರೇಲರ್ ಬದಲಾಯಿಸಲು ಐದಾರು ನಿಮಿಷ ಹಿಡಿಯುತ್ತಿದ್ದದ್ದು ಎರಡಕ್ಕೆ ಇಳಿದಿದೆ. ಆ ಎರಡರಲ್ಲೂ ಹೆಚ್ಚಿನದು ಲ್ಯಾಂಡಿಂಗ್ ಲೆಗ್ ಎತ್ತಲು. ಅದಕ್ಕೆ ಮೋಟಾರ್ ಹಾಕುವ ಕೆಲಸ ಹಿಡಿದಿದ್ದೇನೆ. ಮೋಟಾರಿಗೆ ಕರೆಂಟು ಇದೇ ಪ್ಲಗ್ಗಿನಿಂದ ಹೋಗಬೇಕು, ಅದಕ್ಕೆ ಇನ್ನೆರಡು ದಪ್ಪ ಪಿನ್ ಬೇಕು, ಬೆಣೆಯಲ್ಲಿ ಜಾಗ ಹುಡುಕುತ್ತಿದ್ದೇನೆ.