ಬುಶಿಂಗ್ ನಂಬರಿನ ಹಿಂದೆ ಓಡುವುದು ಬಿಟ್ಟೆ, ನೆಕ್ ಟೆನ್ಷನ್ ಹಿಡಿತಕ್ಕೆ ಬಂತು

"ಅನೀಲಿಂಗ್ ಎಲ್ಲ ದುಡ್ಡು ದಂಡ, ಸರಿಯಾದ ಬುಶಿಂಗ್ ಹಾಕಿದರೆ ಸಾಕು" ಎಂದು ರೇಂಜಿನಲ್ಲಿ ನಗುತ್ತಿದ್ದವರೇ ಈಗ ಮ್ಯಾಂಡ್ರೆಲ್ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡುತ್ತೇನೆ. ವಿಷಯ ರೀಲೋಡಿಂಗ್, ಅಂದರೆ ಹೊಡೆದ ತೋಟಾದ ಖಾಲಿ ಹಿತ್ತಾಳೆ ಕೇಸನ್ನು ಮತ್ತೆ ತುಂಬುವುದು. ಕೇಸಿನ ಕುತ್ತಿಗೆ ಬುಲೆಟ್ಟನ್ನು ಹಿಡಿದುಕೊಳ್ಳುವ ಬಿಗಿಯೇ ನೆಕ್ ಟೆನ್ಷನ್. ಅನೀಲಿಂಗ್ ಎಂದರೆ ಕುತ್ತಿಗೆ ಕಾಯಿಸಿ ಹಿತ್ತಾಳೆ ಮೆದುಗೊಳಿಸುವುದು; ಮ್ಯಾಂಡ್ರೆಲ್ ಎಂದರೆ ಕುತ್ತಿಗೆಯನ್ನು ಒಳಗಿನಿಂದ ಹಿಗ್ಗಿಸುವ ಉಕ್ಕಿನ ಕಡ್ಡಿ. ಜಾಗ ಟೆಕ್ಸಾಸ್, ರೈಫಲ್ 6.5 ಕ್ರೀಡ್‌ಮೋರ್, ಕೇಸು ಲಪುವಾ ಕಂಪನಿಯದು, ಬುಲೆಟ್ 140 ಗ್ರೇನ್ ತೂಕದ್ದು. ಅಲ್ಲಿ ಭಾರತದಲ್ಲಿ ಪರವಾನಗಿ ಇಲ್ಲದೆ ಕೈ ಹಾಕುವ ಕೆಲಸವಲ್ಲ ಇದು. ಇಲ್ಲಿ ಗ್ಯಾರೇಜಿನ ಬೆಂಚಿನ ಮೇಲೆ ನಡೆಯುವ ಹವ್ಯಾಸ.

ಮೊದಲು ದುಡ್ಡು ಹೋದದ್ದು ಬುಶಿಂಗ್‌ಗೆ, ಅಂದರೆ ಡೈ ಎಂಬ ಅಚ್ಚಿನೊಳಗೆ ಕೂತು ಕುತ್ತಿಗೆಯನ್ನು ಹೊರಗಿನಿಂದ ಕುಗ್ಗಿಸುವ ಬಳೆಗೆ. 0.288ರಿಂದ 0.292 ಇಂಚಿನವರೆಗೆ ಐದು, ಒಂದೊಂದಕ್ಕೆ ಇಪ್ಪತ್ತು ಡಾಲರಿನ ಆಸುಪಾಸು. ಬುಲೆಟ್ ಕೂರಿಸಿದ ಮೇಲೆ ನನ್ನ ಕುತ್ತಿಗೆಯ ಹೊರ ಅಳತೆ 0.293. ಪುಸ್ತಕದ ಲೆಕ್ಕದಲ್ಲಿ 0.291 ಹಾಕಿದರೆ 2 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು) ಹಿಡಿತ ಬರಬೇಕು. ಹೊಸದರಲ್ಲಿ ಬಂತು ಕೂಡ. ನಾಲ್ಕನೇ ಫೈರಿಂಗ್ ಹೊತ್ತಿಗೆ ಅದೇ ಬುಶಿಂಗ್, ಅದೇ ಡೈ, ಆದರೆ ಬುಲೆಟ್ ಕೂರಿಸುವಾಗ ಕೈಗೆ ಒಂದೊಂದು ಕೇಸು ಒಂದೊಂದು ಥರ. ಹಿತ್ತಾಳೆ ಗಡಸಾದಂತೆ ಸ್ಪ್ರಿಂಗ್‌ಬ್ಯಾಕ್, ಅಂದರೆ ಒತ್ತಿದ ಮೇಲೆ ಮರಳಿ ಪುಟಿಯುವ ಅಳತೆ, ಬದಲಾಗುತ್ತದೆ. ಬುಶಿಂಗ್ ಹೊರಗಿನಿಂದ ಒತ್ತುವುದರಿಂದ ಗೋಡೆಯ ದಪ್ಪದಲ್ಲಿರುವ ಏರುಪೇರೆಲ್ಲ ಒಳಗಡೆಗೆ ಹೋಗಿ ಕೂರುತ್ತದೆ, ಅಂದರೆ ಬುಲೆಟ್ ಮುಟ್ಟುವ ಜಾಗಕ್ಕೇ. ಇದು ಅರ್ಥವಾಗಲು ನೂರು ಡಾಲರ್ ಬೇಕಾಯಿತು.

ಡೈ ಜೊತೆ ಬಂದ, ಕುತ್ತಿಗೆಯನ್ನು ಒಳಗಿನಿಂದ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಬಾಲ್ ಅದಕ್ಕಿಂತ ಕೆಟ್ಟದ್ದು. ಒಣ ಕುತ್ತಿಗೆಯೊಳಗಿಂದ ಅದನ್ನು ಎಳೆದಾಗ ಕೀರಲು ಸದ್ದು ಬಂದರೆ ಭುಜವೂ (ಕುತ್ತಿಗೆಯ ಕೆಳಗಿನ ಇಳಿಜಾರು) ಅದರ ಜೊತೆ ಮೇಲೆ ಎಳೆದುಕೊಂಡು ಬಂದಿರುತ್ತದೆ. ರನ್‌ಔಟ್ (ಕುತ್ತಿಗೆಯ ಓರೆ) 4-5 ಥೌ ತೋರಿಸಿದ ಕೇಸುಗಳೆಲ್ಲ ಆ ಬಾಲ್‌ನ ಕೃಪೆ. ಕಿತ್ತು ಡಬ್ಬಿಗೆ ಹಾಕಿದೆ.

ಈಗ ಮಾಡುವುದು ಹೀಗೆ. ಡಿಕ್ಯಾಪ್ ಮಾಡಿ (ಹಳೆ ಪ್ರೈಮರ್ ತೆಗೆದು), ಜೋಳದ ದಿಂಡಿನ ತರಿಯಲ್ಲಿ (ಕಾರ್ನ್‌ಕಾಬ್) ಒಂದು ಗಂಟೆ ಉರುಳಿಸಿ, ಪ್ರತಿ ಫೈರಿಂಗ್ ಆದ ಮೇಲೂ ಅನೀಲ್. ಸಾವಿರಾರು ಡಾಲರಿನ ಇಂಡಕ್ಷನ್ ಮೆಷಿನ್ ನನ್ನ ಬಳಿ ಇಲ್ಲ. ಪ್ರೊಪೇನ್ ಟಾರ್ಚು, ಕಾರ್ಡ್‌ಲೆಸ್ ಡ್ರಿಲ್, ಕೇಸಿನ ಕೆಳಭಾಗ ಮುಳುಗುವಷ್ಟು ಆಳದ ಸಾಕೆಟ್, ಇಷ್ಟೇ. ಉರಿಯ ನೀಲಿ ತುದಿ ಕುತ್ತಿಗೆ–ಭುಜ ಸೇರುವ ಕಡೆ ಬೀಳಬೇಕು. ಮೊದಲ ಐದಾರು ಕೇಸಿಗೆ ಕುತ್ತಿಗೆಯ ಒಳಗೆ 750 ಡಿಗ್ರಿ ಫ್ಯಾರನ್‌ಹೀಟ್ ಟೆಂಪಿಲಾಕ್ (ನಿಗದಿತ ಶಾಖಕ್ಕೆ ಕರಗುವ ಬಣ್ಣ), ಭುಜದ ಕೆಳಗೆ 450ರದ್ದು ಹಚ್ಚಿ ಸಮಯ ಹಿಡಿಯಿರಿ. ಮೇಲಿನದು ಕರಗಬೇಕು, ಕೆಳಗಿನದು ಕರಗಬಾರದು. ನನ್ನ ಉರಿಗೆ ಐದರಿಂದ ಆರು ಸೆಕೆಂಡ್. ಕತ್ತಲಲ್ಲಿ ಕಂಡೂ ಕಾಣದ ಕೆಂಪು ಮೂಡಿತೆಂದರೆ ತೆಗೆಯುವ ಹೊತ್ತು. ಕಿತ್ತಳೆ ಬಣ್ಣ ಬಂದರೆ ಕೇಸು ಕಸದ ಬುಟ್ಟಿಗೆ. ಹಾಗೆ ಸುಟ್ಟ ಹದಿನೈದಿಪ್ಪತ್ತು ಕೇಸಿನ ಕುತ್ತಿಗೆ ಇಕ್ಕಳದಲ್ಲಿ ಮೆಲ್ಲಗೆ ಒತ್ತಿದರೂ ಚಪ್ಪಟೆಯಾಗಿ ಹಾಗೇ ಉಳಿಯಿತು. ತಳಕ್ಕೆ ಶಾಖ ಇಳಿದ ಕೇಸನ್ನು ಮಾತ್ರ ಯಾವ ಕಾರಣಕ್ಕೂ ಮತ್ತೆ ತುಂಬಬೇಡಿ.

ಆಮೇಲೆ ಬೇಕೆಂದೇ ಚಿಕ್ಕ ಬುಶಿಂಗ್, 0.289. ಬುಶಿಂಗ್ ಡೈಯೊಳಗೆ ಗಟ್ಟಿಯಾಗಿ ಕೂರಬಾರದು. ಅಲ್ಲಾಡಿಸಿದರೆ ಟಕಟಕ ಅನ್ನುವಷ್ಟು ಸಡಿಲ ಇರಲಿ. ಕೊನೆಗೆ 0.2625 ಮ್ಯಾಂಡ್ರೆಲ್ ಒಳಗಿನಿಂದ ಹಿಗ್ಗಿಸುತ್ತದೆ. ಅನೀಲ್ ಆದ ಹಿತ್ತಾಳೆ ಅರ್ಧ ಥೌ ಮರಳಿ ಕುಗ್ಗಿ 0.262ಕ್ಕೆ ನಿಲ್ಲುತ್ತದೆ, ಬುಲೆಟ್ 0.264, ಹಿಡಿತ 2 ಥೌ. ಗೋಡೆಯ ಏರುಪೇರು ಈಗ ಹೊರಗಡೆಗೆ ಹೋಯಿತು, ಅಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ. ಈ ಅಳತೆಯನ್ನು ಕ್ಯಾಲಿಪರ್‌ನಲ್ಲಿ ನೋಡಿ ನಂಬಬೇಡಿ. 0.261, 0.262 ಪಿನ್ ಗೇಜ್ ಎರಡು ತನ್ನಿ, ಕೆಲವೇ ಡಾಲರ್. ಮೊದಲನೆಯದು ಸರಾಗ ಇಳಿಯಬೇಕು, ಎರಡನೆಯದು ಬಾಯಲ್ಲೇ ತಡೆಯಬೇಕು ಅಥವಾ ಬಿಗಿಯಾಗಿ ಇಳಿಯಬೇಕು.

ಮ್ಯಾಂಡ್ರೆಲ್ ಹೋಗುವ ಮುಂಚೆ ಮತ್ತು ಬುಲೆಟ್ ಕೂರಿಸುವ ಮುಂಚೆ ಕುತ್ತಿಗೆಯೊಳಗೆ ಗ್ರ್ಯಾಫೈಟ್ ಪುಡಿ. ನಾನು ಅದಕ್ಕೆ ಇನ್ನೊಂದು ಪುಡಿ ಬೆರೆಸುತ್ತೇನೆ. ಏನು, ಎಷ್ಟು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಬರೀ ಗ್ರ್ಯಾಫೈಟ್ ಹಾಕಿದರೂ ತೊಂಬತ್ತು ಪಾಲು ಕೆಲಸ ಆಗುತ್ತದೆ.

ಸ್ಟೀಲ್ ಪಿನ್ ಹಾಕಿ ನೀರಿನಲ್ಲಿ ತೊಳೆಯುವವರು ಇಲ್ಲಿ ಗಮನಿಸಿ. ಕೇಸು ಮದುವೆಮನೆ ಪಾತ್ರೆಯಂತೆ ಥಳಥಳ ಹೊಳೆಯುತ್ತದೆ ನಿಜ, ಆದರೆ ಕುತ್ತಿಗೆಯೊಳಗಿನ ಮಸಿಯೂ ಹೋಗುತ್ತದೆ. ಆ ಮಸಿಯೇ ಅಗ್ಗದ ಲೂಬ್ರಿಕೆಂಟ್. ಹಾಗೆ ತೊಳೆದು ತುಂಬಿಟ್ಟ ಒಂದು ಡಬ್ಬಿಯನ್ನು ಆರು ತಿಂಗಳ ಮೇಲೆ ಬಿಚ್ಚಲು ಹೋದಾಗ ಪುಲ್ಲರ್ ಸುತ್ತಿಗೆಗೆ ಹತ್ತು ಏಟು ಬೇಕಾಯಿತು, ಬುಲೆಟ್ ಕುತ್ತಿಗೆಗೆ ಬೆಸೆದಂತೆ ಅಂಟಿತ್ತು. ಆಗಿನಿಂದ ಮ್ಯಾಚಿನ ತೋಟಾಗಳನ್ನು 10 ಥೌ ಉದ್ದ ಬಿಟ್ಟು ಕೂರಿಸಿ, ಹಿಂದಿನ ರಾತ್ರಿ ಪೂರ್ತಿ ಆಳಕ್ಕೆ ಒತ್ತುತ್ತೇನೆ. ಅಂಟು ಬಿಡುತ್ತದೆ.

ಬುಲೆಟ್ ಕೂರಿಸುವ ಆರ್ಬರ್ ಪ್ರೆಸ್ಸಿನ ಫೋರ್ಸ್ ಗೇಜಿನಲ್ಲಿ ಮುಂಚೆ 25ರಿಂದ 70 ಪೌಂಡ್ ತನಕ ಚೆಲ್ಲಾಪಿಲ್ಲಿ. ಈಗ ಹೆಚ್ಚಿನವು 35–42ರೊಳಗೆ. ವೇಗ ಅಳೆಯುವ ಕ್ರೋನೋದಲ್ಲಿ ಮೂವತ್ತು ಗುಂಡಿನ ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್, ವೇಗದ ಏರುಪೇರು) ಸೆಕೆಂಡಿಗೆ 13–14 ಅಡಿ ಇದ್ದದ್ದು 6–7ಕ್ಕೆ ಇಳಿದಿದೆ. ಐದು ಗುಂಡು ಹೊಡೆದು ಎಸ್‌ಡಿ 3 ಎಂದು ಫೋಟೊ ಕಳಿಸುವವರ ಜೊತೆ ನನಗೆ ವಾದವಿಲ್ಲ.

ನಡುವೆ 1, 2, 3, 4 ಥೌ ಹಿಡಿತವನ್ನೂ ಹೋಲಿಸಿ ನೋಡಿದೆ. ಮೂರಕ್ಕೂ ನಾಲ್ಕಕ್ಕೂ ಗೇಜಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ; ಒಂದು ಮಿತಿ ದಾಟಿದ ಮೇಲೆ ಬುಲೆಟ್ಟೇ ಮ್ಯಾಂಡ್ರೆಲ್ ಆಗಿ ಕುತ್ತಿಗೆಯನ್ನು ಹಿಗ್ಗಿಸಿಬಿಡುತ್ತದೆ. ಒಂದು ಥೌನಲ್ಲಿ ಗ್ರೂಪ್ ಚೆನ್ನಾಗಿಯೇ ಬಂತು. ಆದರೆ ಬುಲೆಟ್ ರೈಫ್ಲಿಂಗ್‌ಗೆ ತಾಗುವಂತೆ ಕೂರಿಸಿದ್ದೆ. ರೇಂಜಿನಲ್ಲಿ ಸೀಸ್‌ಫೈರ್ (ಹೊಡೆಯುವುದು ನಿಲ್ಲಿಸಿ) ಎಂದು ಕೂಗಿದಾಗ ಬೋಲ್ಟ್ ತೆಗೆದರೆ ಕೇಸು ಮಾತ್ರ ಹೊರಬಂತು, ಬುಲೆಟ್ ಬ್ಯಾರಲ್‌ನಲ್ಲೇ ಉಳಿಯಿತು, ಪೌಡರ್ ಆಕ್ಷನ್ (ಬೋಲ್ಟ್ ಓಡಾಡುವ ಭಾಗ) ತುಂಬ. ಮ್ಯಾಗಜೀನ್‌ನಿಂದ ಹೊಡೆಯುವವರು 2ಕ್ಕಿಂತ ಕೆಳಗೆ ಇಳಿಯಬೇಡಿ. ಟೆನ್ಷನ್ ಬದಲಿಸಿದಾಗಲೆಲ್ಲ ಚಾರ್ಜ್ (ಪೌಡರ್ ಪ್ರಮಾಣ) ಇಳಿಸಿ, ಮತ್ತೆ ಹಂತಹಂತವಾಗಿ ಏರಿಸಿ.

ಕುತ್ತಿಗೆ ಟರ್ನ್ ಮಾಡುವ (ಹೊರಮೈ ಹೆರೆದು ದಪ್ಪ ಸಮ ಮಾಡುವ) ಲೇತ್ ಉಪಕರಣಕ್ಕೂ ಇನ್ನೂರು ಡಾಲರಿನಷ್ಟು ಸುರಿದೆ. ಲಪುವಾ ಕೇಸಿಗೆ ಗುರಿಹಲಗೆಯ ಮೇಲೆ ಫರಕು ಕಾಣಲಿಲ್ಲ. ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ.