ಪ್ಲಾಂಟಾಜೆನೆಟ್ ವಂಶವೃಕ್ಷವನ್ನು ಬರೆದುಕೊಳ್ಳುವ ಬಗೆ

ಇಂಗ್ಲೆಂಡನ್ನು 1154ರಿಂದ 1485ರವರೆಗೆ ಆಳಿದ ಪ್ಲಾಂಟಾಜೆನೆಟ್ ಅರಸರಲ್ಲಿ ಐವರು ಹೆನ್ರಿಗಳು, ಐವರು ಎಡ್ವರ್ಡರು, ಮೂವರು ರಿಚರ್ಡರು ಮತ್ತು ಒಬ್ಬ ಜಾನ್ ಇದ್ದಾರೆ. ಈ ಹದಿನಾಲ್ಕು ಹೆಸರುಗಳನ್ನು ಒಂದರ ಕೆಳಗೊಂದು ಬರೆದು ಕಂಠಪಾಠ ಮಾಡಿದರೆ ಏನೂ ತಿಳಿಯುವುದಿಲ್ಲ. ಏಕೆಂದರೆ ಈ ಮನೆತನದ ದೊಡ್ಡ ಜಗಳಗಳಲ್ಲಿ ಹಲವು ಆ ಪಟ್ಟಿಯಲ್ಲಿ ಹೆಸರೇ ಇಲ್ಲದ ಹೆಣ್ಣುಮಕ್ಕಳ ಮೂಲಕ ಬಂದ ಹಕ್ಕಿನಿಂದ ಹುಟ್ಟಿದವು. ಆದ್ದರಿಂದ ದೊಡ್ಡ ಹಾಳೆಯೊಂದನ್ನು ಅಡ್ಡಲಾಗಿ ಇಟ್ಟುಕೊಂಡು, ಗಂಡಸರಿಗೆ ಒಂದು ಬಣ್ಣ, ಹೆಂಗಸರಿಗೆ ಇನ್ನೊಂದು ಬಣ್ಣದ ಶಾಯಿಯನ್ನು ಆರಿಸಿಕೊಳ್ಳಿ.

ಮೇಲ್ತುದಿಯಲ್ಲಿ ಎರಡನೆಯ ಹೆನ್ರಿಯನ್ನಲ್ಲ, ಅವನ ತಂದೆತಾಯಿಯನ್ನು ಬರೆಯಿರಿ. ತಂದೆ ಜೆಫ್ರಿ ಫ್ರಾನ್ಸಿನ ಆಂಜೂ ಪ್ರಾಂತದ ಕೌಂಟ್. ಅವನು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದನೆಂದು ಹೇಳಲಾಗುವ ಹಳದಿ ಹೂವಿನ ಗಿಡದ ಲ್ಯಾಟಿನ್ ಹೆಸರು ಪ್ಲಾಂಟಾ ಜೆನಿಸ್ಟಾ. ಅದನ್ನು ಕುಲನಾಮವಾಗಿ ಬಳಸಿದ್ದು ಮಾತ್ರ ಹದಿನೈದನೆಯ ಶತಮಾನದಲ್ಲಿ, ಯಾರ್ಕಿನ ಡ್ಯೂಕ್ ರಿಚರ್ಡ್. ತಾಯಿ ಮಟಿಲ್ಡಾ ಇಂಗ್ಲೆಂಡಿನ ಒಂದನೆಯ ಹೆನ್ರಿಯ ಮಗಳು. ಅವಳ ತಮ್ಮ 1120ರಲ್ಲಿ ಹಡಗು ಮುಳುಗಿ ಸತ್ತಿದ್ದರಿಂದ ಪಟ್ಟದ ಹಕ್ಕು ಅವಳಿಗೆ ಬಂತು. ಆದರೆ 1135ರಲ್ಲಿ ಸಿಂಹಾಸನವನ್ನು ಹಿಡಿದವನು ಅವಳ ಸೋದರತ್ತೆಯ ಮಗ ಸ್ಟೀಫನ್. ಅವನ ಹಕ್ಕೂ ತಾಯಿಯ ಕಡೆಯಿಂದಲೇ ಬಂದದ್ದೆಂಬುದನ್ನು ಅಂಚಿನಲ್ಲಿ ಗುರುತಿಸಿಕೊಳ್ಳಿ.

ಎರಡನೆಯ ಹೆನ್ರಿಯ ಪಕ್ಕದಲ್ಲಿ ನಾಡುಗಳನ್ನೂ ಬರೆಯಬೇಕು. ಆಂಜೂ ತಂದೆಯಿಂದ, ಇಂಗ್ಲೆಂಡ್ ಮತ್ತು ನಾರ್ಮಂಡಿ ತಾಯಿಯಿಂದ, ವಿಶಾಲವಾದ ಅಕ್ವಿಟೇನ್ 1152ರಲ್ಲಿ ಕೈಹಿಡಿದ ಎಲಿನೋರಳಿಂದ ಬಂದವು. ಇಂಗ್ಲೆಂಡಿನಲ್ಲಿ ಸ್ವತಂತ್ರ ದೊರೆಯಾಗಿದ್ದವನು ಫ್ರಾನ್ಸಿನ ಈ ನಾಡುಗಳಿಗೆ ಅಲ್ಲಿಯ ಅರಸನ ಸಾಮಂತನಾಗಿದ್ದನು ಎಂಬ ತೊಡಕೇ ಮುಂದಿನ ಮೂರು ಶತಮಾನಗಳ ಹಗೆತನದ ಬೇರು. ಅವನೂ ಎಲಿನೋರಳೂ ಮಗ ಒಂದನೆಯ ರಿಚರ್ಡನೂ ಸಮಾಧಿಯಾದದ್ದು ಲಂಡನ್ನಿನಲ್ಲಲ್ಲ, ಫ್ರಾನ್ಸಿನ ಫಾಂಟೆವ್ರೋ ಮಠದಲ್ಲಿ. ಕಿರಿಯ ಮಗ ಜಾನ್ 1204ರ ಹೊತ್ತಿಗೆ ನಾರ್ಮಂಡಿಯನ್ನು ಕಳೆದುಕೊಂಡ. ಆ ನಾಡಿನ ಹೆಸರನ್ನು ಅಲ್ಲಿ ಹೊಡೆದುಹಾಕಿ.

ಜಾನ್‌ನಿಂದ ಮೂರನೆಯ ಎಡ್ವರ್ಡ್‌ವರೆಗೆ ಪಟ್ಟ ತಂದೆಯಿಂದ ಮಗನಿಗೆ ಬಂದಿದೆ, ನೇರ ಗೆರೆ ಸಾಕು. ಎರಡನೆಯ ಎಡ್ವರ್ಡನ ಹೆಂಡತಿ ಇಸಬೆಲ್ಲಾಳ ಬಳಿ ಮಾತ್ರ ನಿಲ್ಲಿ. ಅವಳು ಫ್ರಾನ್ಸಿನ ನಾಲ್ಕನೆಯ ಫಿಲಿಪ್‌ನ ಮಗಳು. ಅವಳ ಸೋದರರು ಗಂಡುಸಂತಾನವಿಲ್ಲದೆ ತೀರಿಕೊಂಡ ಮೇಲೆ, ತವರಿನ ಸಿಂಹಾಸನ ತನ್ನದೆಂದು ಅವಳ ಮಗ ಮೂರನೆಯ ಎಡ್ವರ್ಡ್ ಸಾಧಿಸಿದ. 1337ರಲ್ಲಿ ತೊಡಗಿದ ನೂರು ವರ್ಷಗಳ ಯುದ್ಧಕ್ಕೆ ಈ ವಾದವೂ ಒಂದು ಕಾರಣ.

ಹಾಳೆಯ ಅರ್ಧ ಜಾಗವನ್ನು ಈ ಎಡ್ವರ್ಡನ ಮಕ್ಕಳಿಗೆ ಮೀಸಲಿಡಿ. ಹಿರಿಯ ಮಗ ತಂದೆಗಿಂತ ಮೊದಲೇ ತೀರಿಕೊಂಡದ್ದರಿಂದ ಹತ್ತು ವರ್ಷದ ಮೊಮ್ಮಗ ಎರಡನೆಯ ರಿಚರ್ಡ್ ಪಟ್ಟಕ್ಕೆ ಬಂದ. 1399ರಲ್ಲಿ ಅವನನ್ನು ಇಳಿಸಿದ ನಾಲ್ಕನೆಯ ಹೆನ್ರಿ, ಎಡ್ವರ್ಡನ ಇನ್ನೊಬ್ಬ ಮಗ ಜಾನ್ ಆಫ್ ಗಾಂಟ್‌ನ ಮಗ. ಇದು ಲ್ಯಾಂಕಾಸ್ಟರ್ ಕವಲು. ಆದರೆ ಜಾನ್‌ನ ಅಣ್ಣ ಲಯನೆಲ್‌ನಿಗೆ ಫಿಲಿಪ್ಪಾ ಎಂಬ ಮಗಳಿದ್ದಳು. ಅವಳ ಮೊಮ್ಮಗಳು ಆನ್ ಮಾರ್ಟಿಮರ್, ಜಾನ್‌ನ ತಮ್ಮ ಎಡ್ಮಂಡನ ಮಗನನ್ನು ಮದುವೆಯಾದಳು. ಅವರ ಮಗನೇ ಮೇಲೆ ಹೇಳಿದ ಯಾರ್ಕಿನ ರಿಚರ್ಡ್. ತಂದೆಯ ಕಡೆಯಿಂದ ಲೆಕ್ಕ ಹಾಕಿದರೆ ಅವನ ಹಕ್ಕು ಲ್ಯಾಂಕಾಸ್ಟರಿನವರಿಗಿಂತ ಹಿಂದೆ, ತಾಯಿಯ ಕಡೆಯಿಂದಾದರೆ ಮುಂದೆ. ಎರಡೂ ಗೆರೆಗಳನ್ನು ಎಳೆದು ಅವನಲ್ಲಿ ಕೂಡಿಸಿದರೆ ಪಟ್ಟಕ್ಕಾಗಿ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ದಾಯಾದಿಗಳ ನಡುವೆ ನಡೆದ ಕಾಳಗದ ಮೂಲ ಕಣ್ಣಿಗೇ ಕಾಣುತ್ತದೆ.

ಅವನ ಮಗ ಮೂರನೆಯ ರಿಚರ್ಡ್ 1485ರ ಆಗಸ್ಟ್ 22ರಂದು ಬಾಸ್ವರ್ತ್ ಕದನದಲ್ಲಿ ಮಡಿದ. ಅಲ್ಲಿಗೇ ಲೇಖನಿಯನ್ನು ಕೆಳಗಿಡದೆ, ಅವನ ಅಕ್ಕ ಆನ್‌ಳನ್ನೂ ಬರೆದು, ಅವಳಿಂದ ಒಂದು ಗೆರೆಯನ್ನು ಹಾಳೆಯ ಅಂಚಿನವರೆಗೆ ಎಳೆಯಿರಿ. 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ದಾಣದ ಅಡಿಯಲ್ಲಿ ಸಿಕ್ಕ ಅಸ್ಥಿಪಂಜರ ಅವನದೆಂದು ಗುರುತಿಸಲು ಮುಖ್ಯವಾಗಿ ನೆರವಾದದ್ದು ತಾಯಿಯಿಂದ ಮಾತ್ರ ಬರುವ ಡಿಎನ್‌ಎ. ಅದು ಹೊಂದಿಕೆಯಾದದ್ದು ಈ ಆನ್‌ಳ ಹೆಣ್ಣುಸಂತತಿಯ ಇಂದಿನ ವಂಶಸ್ಥರೊಡನೆ.